ಹೋಂಸ್ಟೇಯಲ್ಲಿ ಡಿ ಅಂಡ್ ಡಿ ಆಡಿಸಿದ್ದಕ್ಕೆ ದುಡ್ಡು ಕೇಳಬಹುದಾ? ಕೇಳಿದರೆ ಎಷ್ಟು?

ಕಾಫಿಹೂ (ವಿರಾಜಪೇಟೆ ಕಡೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆದಿದ್ದೇನೆ, ಬೈಕೋಬೇಡಿ.

ಬೆಂಗಳೂರಿನಲ್ಲಿ ಆರು ವರ್ಷ ಕೆಲಸ ಮಾಡಿದೆ. ಅಲ್ಲಿ ಪ್ರತಿ ಭಾನುವಾರ ನಾಲ್ಕೈದು ಜನ ಸೇರಿ ಡಿ ಅಂಡ್ ಡಿ ಆಡುತ್ತಿದ್ದೆವು. ಜಿಎಂ (ಗೇಮ್ ಮಾಸ್ಟರ್, ಅಂದರೆ ಆಟ ಆಡಿಸುವವನು) ಯಾವಾಗಲೂ ನಾನೇ. ಬೇರೆ ಯಾರೂ ರೂಲ್ ಪುಸ್ತಕ ಓದುತ್ತಿರಲಿಲ್ಲ, ಅಷ್ಟೇ ಕಾರಣ. ಕಳೆದ ವರ್ಷ ಅಪ್ಪನ ಮಂಡಿನೋವು ಜಾಸ್ತಿಯಾಗಿ ತೋಟ ನೋಡಿಕೊಳ್ಳಲು ಊರಿಗೆ ಬಂದೆ.

ಆಟ ಗೊತ್ತಿಲ್ಲದವರಿಗೆ: ಡಿ ಅಂಡ್ ಡಿ ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಮೇಜಿನ ಸುತ್ತ ಕೂತು ಆಡುವ ಕಥೆಯಾಟ ಇದು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದದ್ದು. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಮಿಕ್ಕ ಲೋಕವೆಲ್ಲ ಗೇಮ್ ಮಾಸ್ಟರ್ ಅನ್ನಿಸಿಕೊಂಡವನ ಪಾಲು. ಮಳೆ, ಕಳ್ಳ, ರಾಕ್ಷಸ, ಸಾಲ ಕೊಡದ ಅಂಗಡಿಯವ, ಎಲ್ಲ ಅವನೇ. ನೀವು ಏನು ಮಾಡುತ್ತೀರಿ ಅಂತ ಹೇಳುತ್ತೀರಿ. ಆಗುತ್ತೋ ಇಲ್ಲವೋ ಅನ್ನೋ ಅನುಮಾನ ಬಂದಾಗ 20 ಮುಖದ ಡೈಸ್ ಉರುಳಿಸುತ್ತೀರಿ.

ಜುಲೈನಲ್ಲಿ ಒಂದು ರಾತ್ರಿ ನಮ್ಮ ಪಕ್ಕದ ಹೋಂಸ್ಟೇ ಅಣ್ಣ ಫೋನ್ ಮಾಡಿದರು. ಎರಡು ದಿನದಿಂದ ಬಿಡದೆ ಮಳೆ. ಕರೆಂಟ್ ಇಲ್ಲ. ಗೆಸ್ಟ್‌ಗಳು ಹೊರಗೆ ಹೋಗೋ ಹಾಗಿಲ್ಲ, ಒಳಗೆ ಟಿವಿ ಇಲ್ಲ. "ನೀನು ಅದೇನೋ ಕಥೆ ಆಟ ಆಡಿಸ್ತೀಯಲ್ಲ, ಬಾ ಮಾರಾಯ, ಇವರು ನನ್ನ ಮುಖ ನೋಡ್ಕೊಂಡು ಕೂತಿದ್ದಾರೆ" ಅಂದರು.

ಹೋದೆ. ಗಂಡ, ಹೆಂಡತಿ, ಹತ್ತು ವರ್ಷದ ಮಗಳು, ಅಜ್ಜಿ. ಜೊತೆಗೆ ಬೈಕಿನಲ್ಲಿ ಬಂದು ಸಿಕ್ಕಿಹಾಕಿಕೊಂಡ ಇಬ್ಬರು ಕಾಲೇಜು ಹುಡುಗರು. ಅಜ್ಜಿ ಆಟಕ್ಕಿಲ್ಲ, ಸುಮ್ನೆ ಎಲೆ ಅಡಿಕೆ ಹಾಕಿಕೊಂಡು ಮೂಲೆಯಲ್ಲಿ ಕೂತಿದ್ದರು. ಎಮರ್ಜೆನ್ಸಿ ಲ್ಯಾಂಪ್ ಬೆಳಕು. ಮೊದಲ ಸಲ ಡೈಸ್ ಎಸೆದ ಹುಡುಗ ಜೋರಾಗಿ ಎಸೆದ. ಅದು ಹಳೇ ಮನೆಯ ಅಟ್ಟದ ಹಲಗೆ ಸಂದಿಯಲ್ಲಿ ಬಿದ್ದು ಹೋಯಿತು. ಇದ್ದದ್ದು ಅದೊಂದೇ. ಕೊನೆಗೆ 1ರಿಂದ 20ರವರೆಗೆ ಚೀಟಿ ಬರೆದು ಸ್ಟೀಲ್ ಲೋಟಕ್ಕೆ ಹಾಕಿದೆವು.

ಕಥೆ ಇಷ್ಟೇ: ಊರಿನ ತೂಗುಸೇತುವೆ ಮೇಲೆ ಒಬ್ಬ ದೈತ್ಯ ಕೂತಿದ್ದಾನೆ, ಯಾರನ್ನೂ ದಾಟಲು ಬಿಡುತ್ತಿಲ್ಲ. ಹುಡುಗರು ಕತ್ತಿ ಹಿಡಿದು ಹೋದರು. ಚೀಟಿ ಎತ್ತಿದರೆ 3. ಇನ್ನೊಬ್ಬನದು 5. ಇಬ್ಬರೂ ಹೊಳೆಗೆ. ಆಗ ಮೂಲೆಯಿಂದ ಅಜ್ಜಿ, "ಅವನಿಗೆ ಊಟ ಆಗಿದೆಯಾ ಕೇಳ್ರೋ" ಅಂದರು. ನಾನು ದೈತ್ಯನ ದನಿಯಲ್ಲಿ "ಮೂರು ದಿನ ಆಯ್ತು" ಅಂದೆ. "ಯಾಕೆ, ಹೆಂಡ್ತಿ ಬಿಟ್ಟು ಹೋದ್ಲಾ?" ಇದನ್ನು ನಾನು ಯೋಚಿಸಿಯೇ ಇರಲಿಲ್ಲ! 12 ಅಥವಾ ಮೇಲೆ ಬಂದರೆ ಅವನ ಮನಸ್ಸು ಕರಗುತ್ತದೆ ಅಂದೆ. ಅಜ್ಜಿ ಕೈ ಒರೆಸಿಕೊಂಡು ಲೋಟದಿಂದ ಚೀಟಿ ಎತ್ತಿದರು. 19. ದೈತ್ಯ ಅತ್ತ. ಮೊಮ್ಮಗಳು ಅವನಿಗೆ ಕಡುಬು ಕೊಟ್ಟಳು. ಹನ್ನೊಂದೂವರೆ ಆದರೂ ಯಾರೂ ಏಳಲಿಲ್ಲ.

ಮಾರನೆ ದಿನ ನೆಟ್‌ವರ್ಕ್ ಬಂದ ಮೇಲೆ ಆ ಮನೆಯವರು 2000 ರೂಪಾಯಿ ಯುಪಿಐ ಮಾಡಿದರು. ನಾನು ಕೇಳಿರಲಿಲ್ಲ. ನಾಚಿಕೆಯೂ ಆಯಿತು, ಖುಷಿಯೂ ಆಯಿತು.

ಈಗ ತಲೆನೋವಿನ ಭಾಗ. ಸುದ್ದಿ ಹರಡಿ ಬೇರೆ ಕಡೆಯ ಒಂದು ಹೋಂಸ್ಟೇಯವರು ಮೂರು ವಾರಾಂತ್ಯ ಕರೆಸಿದರು. "ನಿಮಗೂ ಪ್ರಚಾರ ಆಗುತ್ತೆ" ಅಂದರು. ರಾತ್ರಿ ಊಟ ಹಾಕಿದರು. ಮೂರನೇ ವಾರ ಒಬ್ಬ ಗೆಸ್ಟ್ ಬಿಲ್ ತೋರಿಸಿದ. ಅದರಲ್ಲಿ ತಲೆಗೆ 600 ರೂಪಾಯಿ 'ಕಥಾ ರಾತ್ರಿ' ಅಂತ ಹಾಕಿದ್ದರು. ನನಗೆ ಸಿಕ್ಕಿದ್ದು ಅನ್ನ, ಸಾರು, ಒಂದು ಮೊಟ್ಟೆ.

ಹೇಳಿ: ಎಷ್ಟು ಕೇಳಬೇಕು? ತಲೆಗಾ, ಒಟ್ಟಿಗಾ? ಫ್ರೆಂಡ್ಸ್ ಹತ್ತಿರ ಏನು ಮಾಡೋದು?

ಹಳೇಕೋವಿ

ಒಂದು ಮಾತು ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆಟಕ್ಕೆ ದುಡ್ಡು ತಗೊಂಡ್ರೆ ಅದು ಆಟ ಅಲ್ಲ. ನಾವು ಮೂರ್ನಾಡಿನಲ್ಲಿ ಹತ್ತು ವರ್ಷದಿಂದ ಆಡ್ತಾ ಇದ್ದೀವಿ. ಒಬ್ಬರು ಕಾಫಿ ತರ್ತಾರೆ, ಒಬ್ಬರು ಚಿಪ್ಸ್ ತರ್ತಾರೆ, ಮುಗೀತು. ನಾಳೆ ನಮ್ಮ ಗುಂಪಿನ ಹುಡುಗ ಎದ್ದು "ನಂಗೆ 300 ಕೊಡಿ" ಅಂದರೆ ನಾನು ಎದ್ದು ಹೋಗ್ತೀನಿ.

ಇಪ್ಪತ್ತುಮುಖ (ಕುಶಾಲನಗರ)

@ಕಾಫಿಹೂ, ನಾನು ನಾಲ್ಕು ವರ್ಷದಿಂದ ಇದನ್ನೇ ಸೈಡ್ ಕೆಲಸವಾಗಿ ಮಾಡುತ್ತಿದ್ದೇನೆ, ಆನ್‌ಲೈನ್. ಗಿರಾಕಿಗಳೆಲ್ಲ ಅಮೆರಿಕದವರು. ತಲೆಗೆ 15 ಡಾಲರ್, ಐದು ಸೀಟು, ವಾರಕ್ಕೆ ಎರಡು ಟೇಬಲ್. ಕೇಳಲು ಭಾರೀ ಅನಿಸುತ್ತೆ. ಪ್ಲಾಟ್‌ಫಾರ್ಮಿನವರ ಪಾಲು, ಬ್ಯಾಂಕಿನವರ ಪಾಲು ಹೋಗಲಿ. ನಿದ್ದೆ ಹೋಗುತ್ತಲ್ಲ, ಅದರ ಲೆಕ್ಕ ಯಾರೂ ಹಾಕಲ್ಲ. ನ್ಯೂಯಾರ್ಕ್ ಸಂಜೆ 7 ಅಂದರೆ ನಮಗೆ ಬೇಸಿಗೆಯಲ್ಲಿ ಮುಂಜಾನೆ 4:30, ಚಳಿಗಾಲದಲ್ಲಿ 5:30. ಅವರು ಮಾರ್ಚ್‌ನಲ್ಲಿ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಮೊದಲ ವರ್ಷ ನನಗೆ ಅದು ಗೊತ್ತಿರಲಿಲ್ಲ. ನೀಟಾಗಿ 5:30ಕ್ಕೆ ಕಾಫಿ ಲೋಟ ಹಿಡಿದು ಕೂತರೆ ಐದು ಜನ ಒಂದು ಗಂಟೆ ಕಾದು ಹೊರಟು ಹೋಗಿದ್ದರು. ದುಡ್ಡು ವಾಪಸ್ ಕೊಟ್ಟೆ. ಇಬ್ಬರು ಮತ್ತೆ ಬರಲೇ ಇಲ್ಲ.

ರೇಟಿನ ವಿಷಯ. ಮೂರು ಗಂಟೆ ಆಟ ಅಂತ ಮೂರು ಗಂಟೆಗೆ ಲೆಕ್ಕ ಹಾಕಬೇಡಿ. ತಯಾರಿಗೆ ಎರಡು ಗಂಟೆ. ಹೋಗಿ ಬರಲು ಒಂದು. ಆರು ಗಂಟೆ ಆಯಿತಾ? 2500 ಕೇಳಿದರೆ ಗಂಟೆಗೆ 416 ರೂಪಾಯಿ ಚಿಲ್ಲರೆ, ಪೆಟ್ರೋಲ್ ಅದರೊಳಗೇ. ಇದಕ್ಕಿಂತ ಕಡಿಮೆ ನಾನಾದರೆ ಹೋಗಲ್ಲ.

ಮತ್ತೆ, ಜನ ದುಡ್ಡು ಕೊಡೋದು ಕಥೆಗೆ ಅಂತ ಅಂದುಕೊಂಡಿದ್ದೆ. ಅಲ್ಲ. ಕಥೆ ಎಲ್ಲಿ ಬೇಕಾದರೂ ಸಿಗುತ್ತೆ. "ಮಂಗಳವಾರ ಮುಂಜಾನೆ ಆಟ ಖಂಡಿತ ನಡೆಯುತ್ತೆ" ಅನ್ನೋದಕ್ಕೆ ಕೊಡ್ತಾರೆ. ಫ್ರೆಂಡ್ಸ್ ಗುಂಪಿನಲ್ಲಿ ಒಬ್ಬನಿಗೆ ಮದುವೆ, ಒಬ್ಬನಿಗೆ ಜ್ವರ, ಒಬ್ಬ ಮರೆತ. ಮೂರು ವಾರ ಹೀಗಾದರೆ ಆ ಕ್ಯಾಂಪೇನ್ (ವಾರದಿಂದ ವಾರಕ್ಕೆ ಮುಂದುವರಿಯೋ ಕಥೆ) ಸತ್ತ ಹಾಗೆ. ಮುಂಗಡ ಕೊಟ್ಟವನು ಬಂದೇ ಬರ್ತಾನೆ. ನಾನೂ ಹೋಗಲೇಬೇಕು. ಒಮ್ಮೆ ಇನ್ನೊಂದು ಡಿಗ್ರಿ ಏರಿದರೆ ಸಾಯ್ತೀನಿ ಅನ್ನೋ ಜ್ವರದಲ್ಲಿ ಡ್ರ್ಯಾಗನ್ ದನಿ ಮಾಡಿದ್ದೇನೆ.

ಹಳೇಕೋವಿ

ನಮ್ಮ ಗುಂಪು ಹತ್ತು ವರ್ಷ ನಡೆದಿದೆ, ದುಡ್ಡಿಲ್ಲದೆ.

ಇಪ್ಪತ್ತುಮುಖ

ಅಣ್ಣ, ಹತ್ತು ವರ್ಷದಲ್ಲಿ ಎಷ್ಟು ಸಲ ಕೂತಿದ್ದೀರಿ?

ಹಳೇಕೋವಿ

…ಪುತ್ತರಿ ಹಬ್ಬಕ್ಕೊಮ್ಮೆ, ಕೈಲ್ ಪೊಳ್ದ್ ಹಬ್ಬಕ್ಕೊಮ್ಮೆ. ಮಧ್ಯದಲ್ಲಿ ಯಾವಾಗಾದರೂ.

ಸಂಪಾಜೆ ಗೇಟು

ಹಳೇಕೋವಿ ಅವರ ಮಾತಿಗೆ. ನಮ್ಮದು ಘಟ್ಟದ ಕೆಳಗಿನ ಮನೆತನ, ಈಗ ಸಂಪಾಜೆ. ಮನೆಯಲ್ಲಿ ತಾಳಮದ್ದಲೆ ಕೇಳಿಕೊಂಡು ಬೆಳೆದವನು ನಾನು. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಪ್ರಸಂಗ ಎಲ್ಲರಿಗೂ ಗೊತ್ತು. ಆದರೆ ಕರ್ಣ ಇವತ್ತು ಏನು ವಾದ ಮಾಡ್ತಾನೆ ಅಂತ ಎದುರು ಕೂತ ಕೃಷ್ಣನಿಗೂ ಗೊತ್ತಿರಲ್ಲ. ಅವರಿಗೆ ಸಂಭಾವನೆ ಕೊಡುತ್ತಾರೆ. ಹಾಗಂತ ಅದು ಕಲೆ ಅಲ್ಲ ಅಂತ ಯಾರಾದರೂ ಅಂದದ್ದು ನಾನು ಕೇಳಿಲ್ಲ.

ಆದರೆ ಒಂದು ವ್ಯತ್ಯಾಸ ಇದೆ, ಕಾಫಿಹೂ ಅವರು ಅದನ್ನು ಯೋಚಿಸಬೇಕು. ತಾಳಮದ್ದಲೆಯಲ್ಲಿ ಕೇಳುವವನು ಕೆಳಗೆ ಕೂತಿರುತ್ತಾನೆ. ನಿಮ್ಮ ಆಟದಲ್ಲಿ ದುಡ್ಡು ಕೊಟ್ಟವನೇ ಅರ್ಥಧಾರಿ. ಅವನಿಗೆ ಮಾತು ಬರದಿದ್ದರೆ? ಹೊಸಬ ಅರ್ಥಧಾರಿ ತಡವರಿಸಿದಾಗ ಒಳ್ಳೇ ಎದುರಾಳಿ ಅವನ ಕೈಗೆ ಒಂದು ಪ್ರಶ್ನೆ ಕೊಡುತ್ತಾನೆ, ಹಿಡಿದುಕೊಂಡು ಮೇಲೆ ಬರಲಿ ಅಂತ. ನಿಮ್ಮ ಕೆಲಸ ಅದು. ಅಜ್ಜಿಗೆ ನೀವು ಅದನ್ನೇ ಮಾಡಿದಿರಿ. "ಮೂರು ದಿನ ಆಯ್ತು" ಅಂದಿರಲ್ಲ, ಅಲ್ಲೇ ನಿಮ್ಮ 2000 ವಸೂಲಾಯಿತು.

ಕಾಫಿಹೂ

@ಸಂಪಾಜೆ ಗೇಟು, ಇದನ್ನು ಓದಿ ಐದು ನಿಮಿಷ ಫೋನ್ ಕೆಳಗಿಟ್ಟು ಕೂತಿದ್ದೆ. ನಾನು ಇಷ್ಟು ದಿನ ದೊಡ್ಡ ದೊಡ್ಡ ಮ್ಯಾಪ್ ಬರೆಯೋದೇ ಕೆಲಸ ಅಂದುಕೊಂಡಿದ್ದೆ.

ಹೋಂಸ್ಟೇ ಅಕ್ಕ (ಮಡಿಕೇರಿ)

ನಾನು ಆಟ ಆಡಿಲ್ಲ, ಆದರೆ ಹೋಂಸ್ಟೇ ನಡೆಸಿ ಒಂಬತ್ತು ವರ್ಷ. ನನ್ನ ಕಡೆಯಿಂದ ಕೇಳಪ್ಪ.

ತಲೆಗೆ ಇಷ್ಟು ಅಂತ ಇಡಬೇಡ. ನಾಲ್ಕು ಜನ ಬುಕ್ ಮಾಡಿ ಇಬ್ಬರು ಮಲಗಿಬಿಡ್ತಾರೆ. ನೀನು ಬಂದಾಗಿರುತ್ತೆ. ಒಂದು ಸಂಜೆಗೆ ಇಷ್ಟು, ಐದು ಜನರ ತನಕ, ಅಷ್ಟೇ ಹೇಳು. ಅರ್ಧ ಮುಂಗಡ ಗೆಸ್ಟ್‌ನಿಂದ ನೇರ ನಿನ್ನ ನಂಬರಿಗೆ ಬರಲಿ, ಹೋಂಸ್ಟೇ ಕೈಗೆ ಹೋಗೋದೇ ಬೇಡ. ನಿನಗೆ ಮೊಟ್ಟೆ ಹಾಕಿ ಕಳಿಸಿದವರಂಥವರು ನಮ್ಮಲ್ಲೂ ಇದ್ದಾರೆ, ಸುಳ್ಳು ಯಾಕೆ.

ಊಟ ಮುಗಿದ ಮೇಲೆ ಶುರು ಮಾಡಬೇಡ. ಊಟಕ್ಕೆ ಮುಂಚೆ, ಸಂಜೆ ಐದಕ್ಕೆ ಕೂರಿಸು. ಎಂಟಕ್ಕೆ ನಿಲ್ಲಿಸು. ಪಂದಿಕರಿ ಕಡಂಬುಟ್ಟು ಹೊಟ್ಟೆಗೆ ಹೋದ ಮೇಲೆ ಯಾವ ರಾಜಕುಮಾರನೂ ಎದ್ದು ಯುದ್ಧ ಮಾಡಲ್ಲ. ಮತ್ತೆ, ಕುಡಿದವರನ್ನು ಆಟಕ್ಕೆ ಸೇರಿಸಬೇಡ. ಇದನ್ನು ಮೊದಲೇ ಹೇಳು, ಮುಖ ನೋಡಿ ಹೇಳು.

ನಾಲ್ಕುನಾಡು

ಕಥೆಗಳ ಬಗ್ಗೆ ಯಾರೂ ಕೇಳ್ತಾ ಇಲ್ಲ! ಹೊರಗಿನವರಿಗೆ ಆಡಿಸುವಾಗ ಯುರೋಪಿನ ಕೋಟೆ, ಎಲ್ಫು ಯಾಕೆ? ಕಕ್ಕಬ್ಬೆ ಹತ್ತಿರ ನಾಲ್ಕುನಾಡು ಅರಮನೆ ಇದೆ. ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು. ಹಿಂದೆ ತಡಿಯಂಡಮೋಳ್, 1748 ಮೀಟರ್, ಕೊಡಗಿನ ಅತಿ ಎತ್ತರದ ಬೆಟ್ಟ. 1834ರಲ್ಲಿ ಬ್ರಿಟಿಷರು ಕೊಡಗನ್ನು ತಗೊಂಡರು. ಆ ವರ್ಷದ ಒಂದು ರಾತ್ರಿ, ಅರಮನೆಯಲ್ಲಿ ಐದು ಜನ ಆಳುಗಳು, ಹೊರಗೆ ಮಂಜು, ಯಾರೋ ಬಾಗಿಲು ಬಡಿಯುತ್ತಾರೆ. ಇಷ್ಟು ಕೊಟ್ಟರೆ ಸಾಕು, ಮಿಕ್ಕಿದ್ದನ್ನು ಗೆಸ್ಟ್‌ಗಳೇ ಮಾಡ್ತಾರೆ. ಮಾರನೆ ದಿನ ಅವರು ಅರಮನೆ ನೋಡಲು ಹೋಗಲಿ, ಹೇಗಿರುತ್ತೆ ಊಹಿಸಿ.

ಹಳೇಕೋವಿ

ಇದು ಚೆನ್ನಾಗಿದೆ. ಆದರೆ ದೈವ ಕಟ್ಟೋ ತೆರೆ, ಕುಲದ ಹಿರಿಯ ಕಾರಣವ, ಅವರ ಗುಡಿ ಕೈಮಡ ಇವನ್ನೆಲ್ಲ ರಾಕ್ಷಸ ಮಾಡಿ ಆಟಕ್ಕೆ ತರಬೇಡಿ. ಅವು ನಮ್ಮ ಹಿರಿಯರು. ಟೂರಿಸ್ಟ್ ಮುಂದೆ ಡೈಸ್ ಹಾಕಿ ಅವರನ್ನು ಕೊಲ್ಲೋದು ಅಂದರೆ ನನಗೆ ಆಗಲ್ಲ.

ನಾಲ್ಕುನಾಡು

ಒಪ್ಪಿದೆ ಅಣ್ಣ. ಆಳುಗಳು, ಮಂಜು, ಬಾಗಿಲು. ದೇವರು ಮನೆಯಲ್ಲೇ ಇರಲಿ.

ಜಿಗಣೆ_9

ಇದೇ ವಿಷಯಕ್ಕೆ ಒಂದು ನಡೆದದ್ದು ಹೇಳ್ತೀನಿ. ನಾನು ಸೋಮವಾರಪೇಟೆಯಲ್ಲಿ ಕಾಲೇಜು ಮಕ್ಕಳಿಗೆ ಆಡಿಸಿದ್ದೆ, ದುಡ್ಡು ತಗೊಂಡಿರಲಿಲ್ಲ. ಕಥೆಯಲ್ಲಿ ಗುಡ್ಡ ಕುಸಿಯುತ್ತೆ. ಚೆನ್ನಾಗಿ ವರ್ಣಿಸಿದೆ. ಮಣ್ಣಿನ ಸದ್ದು, ಅಡಿಕೆ ಮರ ನಿಂತ ಹಾಗೇ ಕೆಳಗೆ ಜಾರೋದು, ಎಲ್ಲ. ಒಬ್ಬ ಹುಡುಗಿ ಡೈಸ್ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತುಬಿಟ್ಟಳು. ಎಸೆಯಲೇ ಇಲ್ಲ. 2018ರ ಆಗಸ್ಟ್‌ನಲ್ಲಿ ಅವರ ಮನೆ ಹೋಗಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋದು ನೆಪ. ಕೊಡಗಿನಲ್ಲಿ ಕೂತು ಗುಡ್ಡ ಕುಸಿತದ ಕಥೆ ಹೇಳೋನು ಮೊದಲು ಕೇಳಬೇಕಿತ್ತು.

ಈಗ ಯಾರಿಗೇ ಆಡಿಸಲಿ, ಶುರುವಿಗೆ ಹತ್ತು ನಿಮಿಷ ಅದಕ್ಕೇ ಇಡುತ್ತೇನೆ. ಏನು ಬೇಡ ಅಂತ ಕೇಳ್ತೀನಿ. ಮಧ್ಯದಲ್ಲಿ ಬೇಡ ಅನಿಸಿದರೆ ಮುಟ್ಟಲು ಮೇಜಿನ ಮೇಲೆ ಎಕ್ಸ್ ಬರೆದ ಕಾರ್ಡ್ ಇರುತ್ತೆ. ಯಾಕೆ ಅಂತ ಹೇಳಬೇಕಾಗಿಲ್ಲ, ಮುಟ್ಟಿದರೆ ಸಾಕು, ಆ ಭಾಗ ಬಿಟ್ಟು ಮುಂದೆ ಹೋಗ್ತೀವಿ. ದುಡ್ಡು ತಗೊಂಡರೆ ಇದು ಇನ್ನೂ ಮುಖ್ಯ. ಗೆಳೆಯನಾದರೆ "ಸಾಕು ನಿಲ್ಸು" ಅಂತಾನೆ. ದುಡ್ಡು ಕೊಟ್ಟ ಅಪರಿಚಿತ ಸುಮ್ನೆ ಸಹಿಸಿಕೊಂಡು ಮನೆಗೆ ಹೋಗಿಬಿಡ್ತಾನೆ.

ಕಾಫಿಹೂ

ಮಳೆಗಾಲದ ಕಥೆಗಳಲ್ಲಿ ನಾನು ಗುಡ್ಡ ಜಾರಿಸಿದ್ದೇನೆ. ಎರಡು ಸಲ. ಇನ್ನು ಇಲ್ಲ.

ಲೆಕ್ಕದಪುಸ್ತಕ

ಯಾರೂ ಕೇಳಿಲ್ಲ, ಆದರೂ ಹೇಳ್ತೀನಿ, ನನ್ನ ಕಸುಬು ಅದೇ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಡ. ಆದಾಯ ತೆರಿಗೆ ಬೇರೆ ಮಾತು, ಯುಪಿಐನಲ್ಲಿ ಬಂದದ್ದೂ ಆದಾಯವೇ. ಕಾಫಿ ಮಾರಿದ ದುಡ್ಡಿನ ಜೊತೆ ಇದನ್ನು ಬೆರೆಸಬೇಡಿ, ಎರಡಕ್ಕೂ ತೆರಿಗೆ ಲೆಕ್ಕ ಬೇರೆ. ಬೇರೆ ಖಾತೆ ತೆಗೆಯಿರಿ. @ಇಪ್ಪತ್ತುಮುಖ, ಡಾಲರ್ ಬರುವ ಪ್ರತಿ ಸಲದ ಬ್ಯಾಂಕ್ ಕಾಗದ ಇಟ್ಟುಕೊಂಡಿದ್ದೀರಿ ತಾನೆ?

ಇಪ್ಪತ್ತುಮುಖ

ಇಟ್ಟುಕೊಂಡಿದ್ದೇನೆ… ಬಹುಶಃ.

ತಿತಿಮತಿ

ಲೈಸೆನ್ಸ್ ಬೇಕಾ? ಡಿ ಅಂಡ್ ಡಿ ಕಂಪನಿಯವರು ಕೇಸ್ ಹಾಕಲ್ವಾ?

ಇಪ್ಪತ್ತುಮುಖ

ಟೇಬಲ್ ಆಡಿಸಿ ನಿಮ್ಮ ಸಮಯಕ್ಕೆ ದುಡ್ಡು ತಗೊಳ್ಳೋದಕ್ಕೆ ಯಾರೂ ಲೈಸೆನ್ಸ್ ಕೇಳಲ್ಲ. 2023ರ ಶುರುವಿನಲ್ಲಿ ಲೈಸೆನ್ಸ್ ಬದಲಾಯಿಸಲು ಹೋಗಿ ಕಂಪನಿಯವರು ಆಟಗಾರರ ಕೈಯಲ್ಲಿ ಚೆನ್ನಾಗಿ ಉಗಿಸಿಕೊಂಡರು. ಅದೇ ಜನವರಿ ಕೊನೆಗೆ ಮೂಲ ನಿಯಮಗಳ 5.1 ಆವೃತ್ತಿಯನ್ನು ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟರು. ಅದನ್ನು ಇಳಿಸಿಕೊಳ್ಳಿ, ಎಲ್ಲಿಂದ ಬಂತು ಅಂತ ಹೆಸರು ಹಾಕಿದರೆ ಸಾಕು, ಕನ್ನಡಕ್ಕೂ ಮಾಡಿಕೊಳ್ಳಬಹುದು. ಮಾಡಬಾರದ್ದು ಎರಡು: ಪುಸ್ತಕದ ಪಿಡಿಎಫ್ ಗೆಸ್ಟ್‌ಗಳಿಗೆ ಹಂಚೋದು, ಬೋರ್ಡಿನ ಮೇಲೆ ಅವರ ಲೋಗೋ ಹಾಕೋದು.

ಹೊಸಬರಿಗೆ ಆ ನೂರಾರು ಪುಟ ಬೇಡವೇ ಬೇಡ. ನಾನಾದರೆ ಎರಡು ಮಾಮೂಲಿ ಆರು ಮುಖದ ದಾಳ ಇಟ್ಟು ಆಡಿಸ್ತೀನಿ. 36 ಬಗೆಯಲ್ಲಿ ಬೀಳುತ್ತೆ, ಅದರಲ್ಲಿ ಆರು ಸಲ ಮೊತ್ತ 7. ನಡುವಿನ ಅಂಕಿ ಜಾಸ್ತಿ ಬರುತ್ತೆ, ಹಾಗಾಗಿ ಕಥೆ ತೀರಾ ಹಳಿ ತಪ್ಪಲ್ಲ. 20 ಮುಖದ್ದು ಹಾಗಲ್ಲ. 1ಕ್ಕೂ 20ಕ್ಕೂ 10ಕ್ಕೂ ಒಂದೇ ಸಾಧ್ಯತೆ, ನೂರಕ್ಕೆ ಐದು. ಅದಕ್ಕೇ ಅಷ್ಟು ಕೂಗಾಟ.

ಹೋಂಸ್ಟೇ ಅಕ್ಕ

ಕೂಗಾಟ ಬೇಕಪ್ಪ ಗೆಸ್ಟ್‌ಗಳಿಗೆ. 20 ಮುಖದ್ದೇ ಇಡು. ಹಲಗೆ ಸಂದಿ ಇರೋ ಮನೆಗೆ ತಟ್ಟೆ ಒಯ್ಯಿ, ಅದರೊಳಗೆ ಎಸೆಯಲಿ.

ತಿತಿಮತಿ

ಭಾಷೆ? ಕನ್ನಡದಲ್ಲಿ ಆಡಿಸಿದರೆ ಜನ ಬರ್ತಾರಾ?

ಕಾಫಿಹೂ

ಆ ರಾತ್ರಿ ಪೂರ್ತಿ ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಆಗಿದ್ದರೆ ಅಜ್ಜಿ ಬಾಯಿ ತೆರೆಯುತ್ತಿರಲಿಲ್ಲ. ಕಷ್ಟ ಆಗೋದು ರೂಲ್ ಪದಗಳಿಗೆ. 'ಸ್ಟ್ರೆಂಗ್ತ್' ಅನ್ನು 'ತಾಕತ್ತು' ಮಾಡಿದೆ, 'ಕರಿಸ್ಮಾ'ಕ್ಕೆ 'ಬಾಯಿಬಲ' ಅಂದೆ. ಹುಡುಗಿಗೆ ತುಂಬಾ ಇಷ್ಟವಾಯಿತು. ಅಪ್ಪನಿಗೆ ಬಾಯಿಬಲ 6, ಅಮ್ಮನಿಗೆ 18 ಅಂತ ಅವಳೇ ಬರೆದಳು.

ಹಳೇಕೋವಿ

ನಿನ್ನೆ ನಮ್ಮ ಗುಂಪಿನಲ್ಲಿ ಈ ಚರ್ಚೆ ತೋರಿಸಿದೆ. ನಮ್ಮ ಜಿಎಂ ಹುಡುಗ ಓದಿ ಏನೂ ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ದುಡ್ಡು ಬೇಡ ಅಣ್ಣ, ಬರ್ತೀನಿ ಅಂದ ದಿನ ಬಂದ್ರೆ ಸಾಕು" ಅಂದ. ಕಳೆದ ಸಲ ಅವನು ರಾತ್ರಿ ಎರಡರವರೆಗೆ ಮ್ಯಾಪ್ ಬರೆದಿದ್ದನಂತೆ. ನಾನು ಬೆಳಿಗ್ಗೆ ತೋಟದಲ್ಲಿ ಕೆಲಸ ಇದೆ ಅಂತ ಮೆಸೇಜ್ ಹಾಕಿದ್ದೆ. ಕೆಲಸ ಏನೂ ಇರಲಿಲ್ಲ. ಮ್ಯಾಚ್ ಇತ್ತು.

ಆ ಹುಡುಗನಿಗೆ ಒಳ್ಳೆ ಡೈಸ್ ಸೆಟ್ ಎಲ್ಲಿ ಸಿಗುತ್ತೆ?

ಇಪ್ಪತ್ತುಮುಖ

ಇನ್‌ಬಾಕ್ಸ್ ನೋಡಿ ಅಣ್ಣ.

ಕಾಫಿಹೂ

ಎಲ್ಲರಿಗೂ ಥ್ಯಾಂಕ್ಸ್. ತೀರ್ಮಾನ ಮಾಡಿದೆ. ಸಂಜೆ ಐದರಿಂದ ಎಂಟು, ಐದು ಜನರ ತನಕ ಒಟ್ಟು 2500. ಅರ್ಧ ಮುಂಗಡ, ಗೆಸ್ಟ್‌ನಿಂದ ನೇರ. ಹಿಂದಿನ ದಿನ ಸಂಜೆಯೊಳಗೆ ಬೇಡ ಅಂದರೆ ಪೂರ್ತಿ ವಾಪಸ್, ಆಮೇಲೆ ಅಂದರೆ ಇಲ್ಲ. ಫ್ರೆಂಡ್ಸ್‌ಗೆ ಫ್ರೀ, ಆದರೆ ಕಾಫಿ ಅವರದ್ದು. ಡಿಸೆಂಬರ್ ನಂತರ ಕಾಫಿ ಹಣ್ಣು ಕುಯ್ಯೋ ಸಮಯ, ಮಾರ್ಚ್ ತನಕ ಭಾನುವಾರ ಮಾತ್ರ.

ಆ ಕಥಾ ರಾತ್ರಿಯವರು ಮತ್ತೆ ಫೋನ್ ಮಾಡಿದ್ದರು. ರೇಟ್ ಹೇಳಿದೆ. "ಯೋಚನೆ ಮಾಡಿ ಹೇಳ್ತೀವಿ" ಅಂದರು. ಹೇಳಿಲ್ಲ.

ಪಕ್ಕದ ಮನೆ ಅಣ್ಣನ ಹೋಂಸ್ಟೇಗೆ ಈ ಶನಿವಾರ ನಾಲ್ಕು ಜನ ಬುಕ್ ಆಗಿದ್ದಾರೆ. ಅರಮನೆ, ಮಂಜು, ಬಾಗಿಲು ಬಡಿಯೋ ಕಥೆಯೇ. ಒಂದು ಸೀಟು ಖಾಲಿ ಇದೆ.

ತಿತಿಮತಿ

ನಾನು ಬರ್ತೀನಿ. ಆದರೆ ನಮ್ಮ ಕಡೆ ರಸ್ತೆಗೆ ಸಂಜೆ ಆನೆ ಇಳಿಯುತ್ತೆ. ಆನೆ ನಿಂತು ಬರೋಕಾಗದಿದ್ದರೆ ಮುಂಗಡ ಹೋಗುತ್ತಾ?

ಕಾಫಿಹೂ

ಆನೆಗೆ ವಿನಾಯಿತಿ ಇದೆ. ಫೋಟೋ ಕಳಿಸಿ.

ಹೋಂಸ್ಟೇ ಅಕ್ಕ

ಹತ್ತಿರ ಹೋಗಿ ತೆಗೀಬೇಡ ಮತ್ತೆ.